‘ಇತಿಹಾಸದಲ್ಲಿ ಈ ದಿನ’ ಬರೆಯುವಾಗ ತಾರೀಕು ಎಲ್ಲಿ ಜಾರುತ್ತದೆ

ಪತ್ರಿಕೆಯ ಡೆಸ್ಕಿಗೆ ಹೊಸದಾಗಿ ಬಂದವರ ಕೈಗೆ ಮೊದಲು ಬೀಳುವುದು ‘ಇತಿಹಾಸದಲ್ಲಿ ಈ ದಿನ’. ನಾಲ್ಕು ಸಾಲಿನ ಬಾಕ್ಸ್, ಹತ್ತು ನಿಮಿಷದ ಕೆಲಸ ಎಂದುಕೊಳ್ಳುತ್ತಾರೆ. ಓದುಗರ ಆಕ್ಷೇಪ ಹೆಚ್ಚು ಬರುವುದೂ ಈ ಬಾಕ್ಸಿಗೇ. ಇಸವಿ ತಪ್ಪುವುದು ಕಡಿಮೆ. ತಾರೀಕು ತಪ್ಪುತ್ತದೆ, ಅದೂ ಬಹುಮಟ್ಟಿಗೆ ಒಂದು ದಿನ, ಇಲ್ಲವೇ ಹದಿಮೂರು ದಿನ.

ಹದಿಮೂರು ಅಂದರೆ ರಷ್ಯಾ. ಅಲ್ಲಿ 1918ರ ಜನವರಿ 31 ಕಳೆದ ಮರುದಿನವೇ ಫೆಬ್ರುವರಿ 14. ಅಲ್ಲಿಯತನಕ ನಮ್ಮ ಈಗಿನ ಕ್ಯಾಲೆಂಡರಿಗಿಂತ ಹಿಂದೆ ಬಿದ್ದಿದ್ದ ಹಳೇ ಜೂಲಿಯನ್ ಕ್ಯಾಲೆಂಡರ್ ನಡೆಯುತ್ತಿತ್ತು. 1917ರ ಅಕ್ಟೋಬರ್ ಕ್ರಾಂತಿಯ ದಿನ ನವೆಂಬರ್ 7 ಆಗಿದ್ದು ಹೀಗೆ. ಇಷ್ಟು ಎಲ್ಲರಿಗೂ ಗೊತ್ತು; ಎಡವುವುದು ಲೆನಿನ್ ಹುಟ್ಟುಹಬ್ಬಕ್ಕೆ. ಹಳೇ ಲೆಕ್ಕದಲ್ಲಿ ಅದು 1870ರ ಏಪ್ರಿಲ್ 10. ಕಣ್ಣುಮುಚ್ಚಿ 13 ಕೂಡಿಸಿದರೆ 23 ಬರುತ್ತದೆ, ಸರಿಯಾದದ್ದು 22. ಜೂಲಿಯನ್ ಲೆಕ್ಕಕ್ಕೆ 1900 ಅಧಿಕ ವರ್ಷ, ನಮ್ಮ ಲೆಕ್ಕಕ್ಕೆ ಅಲ್ಲ. ಆದ್ದರಿಂದ ಅದಕ್ಕೂ ಹಿಂದಿನ 19ನೇ ಶತಮಾನದ ತಾರೀಕಿಗೆ 12 ದಿನವನ್ನೇ ಕೂಡಿಸಬೇಕು.

ಇದನ್ನು ಹಿಡಿಯಲು ಒಂದು ಸುಲಭ ದಾರಿ ಉಂಟು: ವಾರ ನೋಡುವುದು. ಕ್ಯಾಲೆಂಡರ್ ಬದಲಾದರೂ ವಾರ ಬದಲಾಗುವುದಿಲ್ಲ. ರಷ್ಯಾದಲ್ಲಿ ಮೆರವಣಿಗೆಯ ಮೇಲೆ ಗುಂಡು ಹಾರಿದ 1905ರ ‘ರಕ್ತಸಿಕ್ತ ಭಾನುವಾರ’ ಜನವರಿ 9ರಂದು ನಡೆಯಿತು ಎಂದು ಕಾಪಿಯಲ್ಲಿದ್ದರೆ ಫೋನಿನ ಕ್ಯಾಲೆಂಡರ್ ತೆಗೆದು ನೋಡಿ, ಸೋಮವಾರ ತೋರಿಸುತ್ತದೆ. ಅಲ್ಲಿಗೆ ಅದು ಹಳೇ ತಾರೀಕು. 13 ಕೂಡಿಸಿ 22ಕ್ಕೆ ಬಂದರೆ ಭಾನುವಾರ ಸಿಗುತ್ತದೆ.

ಒಂದು ದಿನದ ತಪ್ಪು ಇದಕ್ಕಿಂತ ತಂಟೆಯದು, ಏಕೆಂದರೆ ಎರಡೂ ತಾರೀಕು ಸರಿಯಾಗಿರುತ್ತವೆ. ಜರ್ಮನಿಯ ಶರಣಾಗತಿಯನ್ನೇ ನೋಡಿ. ಫ್ರಾನ್ಸಿನ ರೈಮ್ಸ್‌ನಲ್ಲಿ ಜರ್ಮನ್ ಜನರಲ್ ಯೋಡ್ಲ್ ಸಹಿ ಹಾಕಿದ್ದು 1945ರ ಮೇ 7ರ ನಸುಕಿನ 2.41ಕ್ಕೆ. ಅದು ಜಾರಿಗೆ ಬರಬೇಕಿದ್ದದ್ದು ಮಧ್ಯ ಯುರೋಪಿನ ಗಡಿಯಾರದಲ್ಲಿ 8ರ ರಾತ್ರಿ 11.01ಕ್ಕೆ. ಸ್ಟಾಲಿನ್ ಇದಕ್ಕೆ ಒಪ್ಪದೆ ಬರ್ಲಿನ್‌ನಲ್ಲಿ ಇನ್ನೊಮ್ಮೆ ಸಹಿ ಮಾಡಿಸಿದರು. ಅಲ್ಲಿ ಜರ್ಮನಿಯ ಪರ ಸಹಿಗೆ ಫೀಲ್ಡ್ ಮಾರ್ಷಲ್ ಕೈಟೆಲ್ ಕೂತಿದ್ದರು. ಆ ಹೊತ್ತಿಗೆ ಮಾಸ್ಕೋದಲ್ಲಿ ತಾರೀಕು 9 ಆಗಿತ್ತು. ಆದ್ದರಿಂದ ತಾರೀಕು ಬರೆಯುವ ಮೊದಲು ಕ್ರಿಯಾಪದ ಬರೆಯಿರಿ: ಸಹಿಯಾಯಿತೋ, ಜಾರಿಯಾಯಿತೋ, ಆಚರಿಸುತ್ತಾರೋ? ‘ಯುದ್ಧ ಮುಗಿಯಿತು’ ಎಂಬ ಮೊಂಡು ವಾಕ್ಯಕ್ಕೆ ಯಾವ ತಾರೀಕೂ ಸರಿಹೊಂದುವುದಿಲ್ಲ.

ಭಾರತದ ಸಮಯಕ್ಕೆ ತಿರುಗಿಸಲು ಹೊರಟರೆ ಇನ್ನೊಂದು ಹಳ್ಳ ಕಾದಿದೆ. ಆ 11.01 ಎಂದರೆ ಗ್ರೀನ್‌ವಿಚ್ ರಾತ್ರಿ 10.01. ಈಗಿನ ಅಭ್ಯಾಸದಂತೆ ಐದೂವರೆ ಗಂಟೆ ಕೂಡಿಸಿ 3.31 ಎಂದು ಬರೆದರೆ ತಪ್ಪು. ಯುದ್ಧಕಾಲದಲ್ಲಿ ಇಲ್ಲಿನ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟಿದ್ದರು. ಅಂದಿನ ಲೆಕ್ಕಕ್ಕೆ 9ರ ನಸುಕಿನ 4.31.

ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ 1941ರ ಡಿಸೆಂಬರ್ 7, ಮಲಯಾದ (ಈಗಿನ ಮಲೇಷ್ಯಾ) ಕೋಟಾ ಬಾರುವಿನಲ್ಲಿ ಜಪಾನೀಯರು ಇಳಿದದ್ದು 8. ಇದನ್ನು ನೋಡಿ ‘ಮರುದಿನ ಮಲಯಾ ಮೇಲೂ ದಾಳಿ’ ಎಂದು ಸೇರಿಸುವ ಚಾಳಿ ಇದೆ. ನಿಜಕ್ಕೂ ಮಲಯಾದಲ್ಲಿ ಇಳಿದದ್ದೇ ಒಂದು ಗಂಟೆಗೂ ಹೆಚ್ಚು ಮೊದಲು! ನಡುವೆ ದಿನರೇಖೆ, ಅಂದರೆ ದಾಟಿದರೆ ತಾರೀಕು ಬದಲಾಗುವ ಗೆರೆ ಇದೆ, ಅಷ್ಟೆ.

ನಮ್ಮ ಊರಿನ ಕಡೆ ಕ್ಯಾಲೆಂಡರಿನ ಕಾಟವಿಲ್ಲ, ಕ್ರಿಯಾಪದದ್ದೇ ಕಾಟ. ನವೆಂಬರ್ 1ರ ಬಾಕ್ಸಿನಲ್ಲಿ 1956ಕ್ಕೆ ‘ಕರ್ನಾಟಕ ಎಂಬ ಹೆಸರು ಬಂತು’ ಎಂದು ಹಾಕಬೇಡಿ; ಅಂದು ಒಂದಾದದ್ದು ಮೈಸೂರು ರಾಜ್ಯ, ಹೆಸರು ಬದಲಾದದ್ದು 1973ರ ಅದೇ ದಿನ. ಹೈದರಾಬಾದ್ ಸಂಸ್ಥಾನಕ್ಕೆ ಮೂರು ತಾರೀಕು: 1948ರ ಸೆಪ್ಟೆಂಬರ್ 13ಕ್ಕೆ ಸೇನಾ ಕಾರ್ಯಾಚರಣೆ ಶುರು, 17ಕ್ಕೆ ನಿಜಾಮರ ಕದನವಿರಾಮ ಘೋಷಣೆ, 18ಕ್ಕೆ ಅವರ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿಗೆ ಶರಣಾದದ್ದು. ಒಂದಕ್ಕೇ ಜಾಗವಿದ್ದರೆ 17 ಇರಲಿ, ಕಲಬುರಗಿ, ಬೀದರ್, ರಾಯಚೂರಿನಲ್ಲಿ ಬಾವುಟ ಏರುವುದು ಅಂದೇ. ಆದರೆ ಪಕ್ಕದಲ್ಲಿ ಎದ್ರೂಸ್ ಶರಣಾಗುವ ಫೋಟೊ ಇಟ್ಟರೆ ಅದರ ಅಡಿಬರಹಕ್ಕೆ 18 ಹಾಕಿ.