ಮುಂದಿನ ಅಕ್ಷರ ನುಂಗುವ ಕೀಬೋರ್ಡ್

ಇವತ್ತು ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ಹೊಸ ಆಟ ಶುರು ಮಾಡಿತ್ತು. ವಾಕ್ಯದ ನಡುವೆ ಒಂದು ಪದ ಸೇರಿಸೋಣ ಅಂತ ಟೈಪ್ ಮಾಡಿದರೆ, ಮುಂದಿದ್ದ ಅಕ್ಷರಗಳು ಒಂದೊಂದಾಗಿ ಮಾಯ! ನಿಮಗೂ ಹೀಗಾದರೆ ಗಾಬರಿ ಬೇಡ. ಕೀಬೋರ್ಡ್ ಕೆಟ್ಟಿರುವುದಿಲ್ಲ, ಓವರ್‌ಟೈಪ್ ಅನ್ನೋ ಮೋಡ್ ಆನ್ ಆಗಿರುತ್ತದೆ, ಅಷ್ಟೇ.

ಇದನ್ನು ಆನ್, ಆಫ್ ಮಾಡುವುದು ಇನ್ಸರ್ಟ್ ಕೀ. ಇನ್ನೊಮ್ಮೆ ಒತ್ತಿದರೆ ಸಾಕು. ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ಸ್ವಂತ ಜಾಗವೇ ಇಲ್ಲ. ಡಿಲೀಟ್ ಅಥವಾ ಪ್ರಿಂಟ್ ಸ್ಕ್ರೀನ್ ಕೀ ಮೇಲೆ ಸಣ್ಣಕ್ಷರದಲ್ಲಿ ‘ಇನ್ಸ್’ ಅಂತ ಇದೆಯಾ ನೋಡಿ, ಎಫ್‌ಎನ್ ಜೊತೆ ಒತ್ತಿ. ನಂಬರ್ ಪ್ಯಾಡ್ ಇದ್ದರೆ, ನಮ್ ಲಾಕ್ ಆಫ್ ಇದ್ದಾಗ ಅದರ 0 ಕೂಡ ಇನ್ಸರ್ಟ್ ಕೀಯೇ. ಎಲ್ಲೂ ಸಿಗಲಿಲ್ಲವಾ? ವಿಂಡೋಸ್‌ನಲ್ಲಿ ವಿಂಡೋಸ್ ಕೀ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಪರದೆ ಮೇಲೆ ಕೀಬೋರ್ಡ್ ಬರುತ್ತದೆ, ಅಲ್ಲಿ ಕ್ಲಿಕ್ ಮಾಡಿ.

ವರ್ಡ್‌ನಲ್ಲಿ ಮಾತ್ರ ಹೀಗಾದರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಓವರ್‌ಟೈಪ್‌ನ ಟಿಕ್ ತೆಗೆಯಿರಿ.

ಉದ್ದದ ಪಟ್ಟಿಯಲ್ಲಿ ಕಾಲಂ ಅಲುಗಾಡದಂತೆ ಅಂಕಿ ಬದಲಿಸಲು ಈ ಮೋಡ್ ಒಳ್ಳೆಯದೇ. ನನ್ನ ಬೇಸರ ಬೇರೆ. ಕೆಲವು ಪ್ರೋಗ್ರಾಂಗಳಲ್ಲಿ ಕರ್ಸರ್ ದಪ್ಪಗಾಗುತ್ತದೆ, ಉಳಿದವು ಸುಮ್ನೆ ಇರುತ್ತವೆ. ಎಷ್ಟೋ ಕೀಬೋರ್ಡ್‌ಗಳಲ್ಲಿ ಕ್ಯಾಪ್ಸ್ ಲಾಕ್‌ಗೆ ಒಂದು ಪುಟ್ಟ ದೀಪ ಇರುತ್ತದೆ ಅಲ್ವಾ? ಕಷ್ಟಪಟ್ಟು ಬರೆದದ್ದನ್ನು ಅಳಿಸುವ ಕೀಗೆ ಅಂಥದ್ದು ಇನ್ನೂ ಜಾಸ್ತಿ ಬೇಕು.

ಹೋದ ಸಾಲು ವಾಪಸ್ ಬೇಕಿದ್ದರೆ, ಫೈಲ್ ಮುಚ್ಚುವ ಮೊದಲೇ ಕಂಟ್ರೋಲ್ ಝಡ್ ಒತ್ತಿಬಿಡಿ.