ಹಾಲ್‌ನಲ್ಲೊಂದು ಸೇತುವೆ, ಕೆಳಗೆ ಮೊಸಳೆ

ಮೂರು ದಿನದಿಂದ ಮುಂಬೈ ಮಳೆ ಬಿಟ್ಟೇ ಇಲ್ಲ. ಕೆಳಗೆ ಸೊಸೈಟಿಯ ಜಾರುಬಂಡಿ ನೀರಲ್ಲಿ ನಿಂತಿದೆ. ಮುಲುಂಡಿನ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಎರಡೂಕಾಲು ವರ್ಷದ ಪುಟ್ಟಿಯನ್ನು ಕುಣಿಸೋದೆಲ್ಲಿ?

ಕೊನೆಗೆ ಟೈಲ್ಸ್ ಸಂದಿನ ಮೇಲೆ ಕೆಂಪು ಟೇಪ್ ಅಂಟಿಸಿದೆ. ಅದೇ ಸೇತುವೆ. ಸಾಕ್ಸ್ ಬೇಡ, ಜಾರುತ್ತೆ, ಬರಿಗಾಲಿಗೆ ನೆಲ ಚೆನ್ನಾಗಿ ಗೊತ್ತಾಗುತ್ತೆ. ಎರಡೂ ಕೈ ರೆಕ್ಕೆ ಥರ ಚಾಚಿ, ನಾಲಿಗೆ ತುದಿ ಹೊರಗೆ ಬಿಟ್ಟು, ಹೆಬ್ಬೆರಳಿನಿಂದ ನೆಲ ಹಿಡಿದುಕೊಳ್ಳೋಕೆ ನೋಡುತ್ತಾ ಒಂದೊಂದೇ ಹೆಜ್ಜೆ ಇಡುತ್ತಾಳೆ. ಸೇತುವೆ ಮುಗಿದರೆ ದಿಂಬಿನ ಗುಡ್ಡ. ಅಲ್ಲಿ ಕಾಲು ಹೂತುಹೋಗುತ್ತೆ, ಮೈ ತಾನೇ ವಾಲಿ ಸರಿಮಾಡಿಕೊಳ್ಳುತ್ತೆ. ಎರಡೂ ಕಾಲು ಒಟ್ಟಿಗೆ ಎತ್ತಿ ಕಪ್ಪೆ ಥರ ಜಿಗಿಯೋದು ಈಗೀಗ ಬಂದಿದೆ. ಒಂಟಿಕಾಲಲ್ಲಿ ನಿಲ್ಲೋದಕ್ಕೆ ಸಾಮಾನ್ಯವಾಗಿ ಮೂರು ವರ್ಷ ಆಗಬೇಕು, ನನಗೇನೂ ಅವಸರ ಇಲ್ಲ.

ಧಾರವಾಡದಿಂದ ಬಂದಿರುವ ಅತ್ತೆ "ಟೇಪ್ ಯಾಕವ್ವಾ, ನಾವು ಇದ್ದಲಿಲೇ ಗೆರಿ ಎಳೀತಿದ್ವಿ" ಅಂದರು. ಆಮೇಲೆ ಮೊಮ್ಮಗಳ ಕೈ ಹಿಡಿದು ತಾವೇ ಗಿರಗಿರ ತಿರುಗಿದರು! ನಿಂತ ಮೇಲೂ ಒಳಗಿವಿಯ ದ್ರವ ತಿರುಗುತ್ತಲೇ ಇರುತ್ತಲ್ಲ, ಇಬ್ಬರೂ ತೂರಾಡಿ ಸೋಫಾ ಮೇಲೆ ಬಿದ್ದರು.

ಇವತ್ತು ಲೋಕಲ್‌ನಲ್ಲಿ ಹಿಡಿಕೆ ಸಿಗದೆ ಕಾಲು ಅಗಲಿಸಿ ನಿಂತಿದ್ದೆ. ಘಾಟ್ಕೋಪರ್ ಹತ್ತಿರ ಗಾಡಿ ಬ್ರೇಕ್ ಹಾಕಿತು. ನನ್ನ ಹೆಬ್ಬೆರಳೂ ಚಪ್ಪಲಿಯನ್ನು ಗಟ್ಟಿಯಾಗಿ ಒತ್ತಿತು, ಸುಮ್ನೆ ನಗು ಬಂತು. ಮನೆಗೆ ಬಂದರೆ ಟೇಪ್ ಅರ್ಧ ಕಿತ್ತುಹೋಗಿತ್ತು. ಮೊಸಳೆ ತಿಂತಂತೆ.