ಅಮ್ಮನ ಕುರ್ಚಿಯಿಂದ ಏನು ಕಾಣುತ್ತೆ?

ನಾವು ಮಾಡಿದ ತೋಟವನ್ನು ಮನೆಯವರಿಗೆ ಒಪ್ಪಿಸುವ ಹ್ಯಾಂಡೋವರ್ ದಿನ ಹನ್ನೊಂದು ಗಂಟೆಗೆಲ್ಲ ಸೈಟ್ ಕ್ಲಿಯರ್ ಆಗಿತ್ತು. ಬಿಳಿ ಜಲ್ಲಿಯ ಮೇಲೆ ಕೊನೆಯ ಸಲ ರೇಕ್ ಎಳೆದು, ಹೆಜ್ಜೆ ಗುರುತು ಉಳಿಯದ ಹಾಗೆ ಹಿಂದಕ್ಕೆ ನಡೆಯುತ್ತಲೇ ಗೇಟಿನ ತನಕ ಬಂದಿದ್ದೆ. ಫೋಟೋದವರು ಏಣಿ ಹತ್ತಿ ನಾಲ್ಕೈದು ಶಾಟ್ ತೆಗೆದರು. ನಮ್ಮ ಸರ್ ಬೆನ್ನು ತಟ್ಟಿದರು. ಕ್ಲೈಂಟ್ ಮೇಡಂ, "ಇರಿ, ಅಮ್ಮನನ್ನ ಕಿಟಕಿ ಹತ್ರ ಕೂರಿಸ್ತೀನಿ, ಅವರು ನೋಡಿ ಆಮೇಲೆ ಸೈನ್ ಮಾಡ್ತೀನಿ" ಅಂತ ಒಳಗೆ ಹೋದರು.

ಅಮ್ಮನಿಗೆ ನಡೆಯೋದು ಕಷ್ಟ. ದಿನದ ಬಹುಪಾಲು ಕಿಟಕಿ ಪಕ್ಕದ ಕುರ್ಚಿಯಲ್ಲೇ ಕಳೆಯುತ್ತೆ. ತೋಟ ಮಾಡಿಸಿದ್ದೇ ಅವರಿಗೋಸ್ಕರ. ಮೊದಲ ಮೀಟಿಂಗ್‌ನಲ್ಲೇ ಮೇಡಂ ಅದನ್ನು ಹೇಳಿದ್ದರು. ನನ್ನ ಸೈಟ್ ಬುಕ್ಕಿನ ಮೊದಲ ಪುಟದಲ್ಲಿ ನನ್ನದೇ ಕೈಬರಹದಲ್ಲಿದೆ: "ಅಮ್ಮ ಕೂತಲ್ಲಿಂದ ಕಾಣಬೇಕು." ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಅಮ್ಮ ಕೂತರು. ಕನ್ನಡಕ ಸರಿಮಾಡಿಕೊಂಡರು. ಹೊರಗೆ ನೋಡಿದರು. ನಾನು ಬಾಗಿಲ ಹತ್ತಿರ ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಮ್ಮ ಕುತ್ತಿಗೆ ಸ್ವಲ್ಪ ಎತ್ತಿದರು, ಕುರ್ಚಿಯ ಕೈ ಹಿಡಿದು ಏಳೋಕೆ ನೋಡಿ, ಆಗದೆ ಮತ್ತೆ ಕೂತರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಕಲ್ಲು ಎಲ್ಲಪ್ಪಾ ಇಟ್ಟಿದ್ದೀಯ?"

ಹೋಗಿ ಅವರ ಕುರ್ಚಿ ಪಕ್ಕ ಮಂಡಿಯೂರಿ, ಅವರ ಕಣ್ಣಿನ ಮಟ್ಟಕ್ಕೆ ನನ್ನ ಕಣ್ಣು ತಂದೆ. ಎದುರಿಗೆ ಕಿಟಕಿಯ ಸಿಲ್, ಅಂದರೆ ಕೆಳಗಿನ ಕಟ್ಟೆ. ಅದರಾಚೆ ಬಿಸಿಲಿಗೆ ಕಣ್ಣು ಕುಕ್ಕುವ ಬಿಳಿ ಪಟ್ಟಿಯೊಂದು, ಅಂಗೈ ಅಗಲದ್ದು. ಅದರಾಚೆ ಕಾಂಪೌಂಡ್ ಗೋಡೆ. ಅಷ್ಟೆ. ಐದು ಕಲ್ಲಿನಲ್ಲಿ ಒಂದೂ ಇಲ್ಲ. ಯಾರ್ಡ್‌ನಲ್ಲಿ ಮೂರು ದಿನ ಅಲೆದು ಆರಿಸಿದ ಕಲ್ಲುಗಳು ಅವು. ಹಿಂದೆ ಸರ್ ಏನೋ ಹೇಳುತ್ತಿದ್ದರು, ಪಾಚಿ ಬೆಳೆದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತೆ ಅಂತ. ಮಂಡಿಯೂರಿದ ಜಾಗದಿಂದ ನನಗೆ ಏಳೋಕೇ ಮನಸ್ಸು ಬರಲಿಲ್ಲ. ಅಮ್ಮ ಮಾತ್ರ ನನ್ನ ಭುಜ ಮುಟ್ಟಿ "ಇರಲಿ ಬಿಡಪ್ಪಾ, ಗೋಡೆ ಚೆನ್ನಾಗಿದೆ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತೆ.

ವಾಪಸ್ ಬರುವಾಗ ಕಾರಿನಲ್ಲಿ ಲೆಕ್ಕ ಹಾಕಿದೆ. ಕೂತಾಗ ಅವರ ಕಣ್ಣು ನೆಲದಿಂದ 115 ಸೆಂ.ಮೀ., ಸಿಲ್ 85, ಕುರ್ಚಿಗೂ ಕಿಟಕಿಗೂ ನಡುವೆ 120. ಅಂದರೆ ನೋಟದ ಗೆರೆ ನಾಲ್ಕಕ್ಕೆ ಒಂದರಂತೆ ಇಳಿಯುತ್ತೆ. ಒಳಗಿನ ಫ್ಲೋರ್ ಲೆವೆಲ್ ಹೊರಗಿನದ್ದಕ್ಕಿಂತ 45 ಸೆಂ.ಮೀ. ಮೇಲಿದೆ. ಹಾಗಾಗಿ ಆ ಗೆರೆ ಹೊರಗೆ ನೆಲ ಮುಟ್ಟೋದು ಕಿಟಕಿಯಿಂದ 5.2 ಮೀಟರ್ ಆಚೆ. ತೋಟದ ಆಳವೇ ಆರು ಮೀಟರ್. ನನ್ನ ಅತಿ ಎತ್ತರದ ಕಲ್ಲು 45 ಸೆಂ.ಮೀ., ಇಟ್ಟಿದ್ದು ಮೂರು ಮೀಟರ್ ದೂರದಲ್ಲಿ. ಅಲ್ಲಿ ಅವರ ನೋಟ 55 ಸೆಂ.ಮೀ. ಎತ್ತರದಲ್ಲಿ ಹಾದುಹೋಗುತ್ತೆ. ಎರಡು ನಿಮಿಷದ ಲೆಕ್ಕ, ನಾಲ್ಕು ತಿಂಗಳ ಪ್ರಾಜೆಕ್ಟಿನಲ್ಲಿ ಒಮ್ಮೆಯೂ ಮಾಡಿರಲಿಲ್ಲ.

ಹೀಗಾಗಿದ್ದು ಹೇಗೆ ಅಂತ ಹೇಳಬೇಕು. ನಮ್ಮ ಆಫೀಸಿನಲ್ಲಿ ಪ್ರತಿ ಕ್ಲೈಂಟಿಗೂ ಒಂದೇ ಮೂಡ್ ಬೋರ್ಡ್ ಡೆಕ್, ಅಂದರೆ ಮಾದರಿ ಫೋಟೋಗಳ ಸ್ಲೈಡ್‌ಗಳು. ಎಲ್ಲ ಹೆಸರಾಂತ ತೋಟಗಳು: ವರ್ಸೈ, ಸಿಸಿಂಗ್‌ಹರ್ಸ್ಟ್, ಜಿವೆರ್ನಿ, ಜೆನೆರಲೀಫೆ, ರ್ಯೋಆನ್‌ಜಿ. ಕ್ಲೈಂಟ್ ಬೆರಳಿಟ್ಟಿದ್ದನ್ನು ನಾವು ಕುಗ್ಗಿಸಿ ಕೊಡೋದು. ಮೇಡಂ ಜಪಾನಿನ ಕ್ಯೋಟೊದಲ್ಲಿರೋ ರ್ಯೋಆನ್‌ಜಿ ದೇವಾಲಯದ ತೋಟದ ಮೇಲೆ ಬೆರಳಿಟ್ಟರು. ಸುಮಾರು 25 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ, ಐದು ಗುಂಪಿನಲ್ಲಿ 15 ಕಲ್ಲು, ಕಲ್ಲಿನ ಬುಡದಲ್ಲಿ ಪಾಚಿ, ಸುತ್ತ ಗೆರೆ ಎಳೆದ ಜಲ್ಲಿ. ನಮ್ಮದು ಒಂಬತ್ತಕ್ಕೆ ಆರು, ಐದು ಕಲ್ಲು ಸಾಕು ಅಂದುಕೊಂಡೆ. ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಮಾಡಿದೆ. ಅದರ ಡಿಫಾಲ್ಟ್ ಕ್ಯಾಮೆರಾ ನಿಂತ ಮನುಷ್ಯನದ್ದು, 165 ಸೆಂ.ಮೀ.; ತೋಟದೊಳಗೆ ನಡೆದು ಹೋದ ಹಾಗೆ ತೋರಿಸುವ ವಾಕ್‌ಥ್ರೂ ಶುರುವಾಗೋದು ಗೇಟಿನಿಂದ. ಆ ಮಾಡೆಲ್ ಒಳಗೆ ಯಾರೂ ಕೂರೋದಿಲ್ಲ. ಗೇಟಿನಿಂದ ನೋಡಿ ನೋಡಿ ಕಲ್ಲುಗಳನ್ನು ಅರ್ಧ ಅಡಿ ಆಚೆ, ಅರ್ಧ ಅಡಿ ಈಚೆ ಸರಿಸುತ್ತಾ ದಿನಗಟ್ಟಲೆ ಕೂತಿದ್ದೆ.

ಆ ರಾತ್ರಿ ಅದೇ ಡೆಕ್ ತೆಗೆದು ಮತ್ತೆ ನೋಡಿದಾಗ ಹೊಟ್ಟೆ ತೊಳಸಿದ ಹಾಗಾಯಿತು. ರ್ಯೋಆನ್‌ಜಿ ನಡೆದಾಡೋ ತೋಟವೇ ಅಲ್ಲ. ಅದರ ಅಂಚಿಗೆ ದೇವಾಲಯದ ಉದ್ದನೆಯ ಮರದ ಜಗಲಿ ಇದೆ, ಬಂದವರು ಅಲ್ಲಿ ಕೂತೇ ನೋಡೋದು. ಯಾವ ಜಾಗದಲ್ಲಿ ಕೂತರೂ 15ರಲ್ಲಿ ಒಂದಾದರೂ ಕಲ್ಲು ಮರೆಯಾಗುತ್ತೆ. ಈ ಮಾತು ಬರೋದೇ ಕೂತವರ ಕಣ್ಣಿನಿಂದ. ಮೇಲೆ ಚಾಚಿದ ಮಾಡು ನೋಡುವವರಿಗೆ ನೆರಳು ಕೊಡುತ್ತೆ, ಎದುರು ಜಲ್ಲಿ ಎಷ್ಟು ಬೆಳ್ಳಗಿದ್ದರೂ ಕಣ್ಣು ತಡೆದುಕೊಳ್ಳುತ್ತೆ. ಜಗಲಿಗೆ ಸಿಲ್ ಇಲ್ಲ. ನಾನು ಕಲ್ಲು ತಂದೆ, ಜಲ್ಲಿ ತಂದೆ, ಜಗಲಿಯನ್ನು ಅಲ್ಲೇ ಬಿಟ್ಟು ಬಂದಿದ್ದೆ. ಹಾಗೆ ನೋಡಿದರೆ ನಮಗೆ ಬೇಕಾಗಿದ್ದ ಮಾದರಿ ಡೆಕ್‌ನಲ್ಲಿ ಇರಲೇ ಇಲ್ಲ: ಜಪಾನಿನದೇ ಆದಾಚಿ ಮ್ಯೂಸಿಯಂ. ಅಲ್ಲಿನ ತೋಟಕ್ಕೆ ಜನ ಕಾಲಿಡೋದಿಲ್ಲ, ಒಳಗಿನಿಂದ ನೋಡುತ್ತಾರೆ, ಕಿಟಕಿಗಳೇ ಚಿತ್ರದ ಚೌಕಟ್ಟು.

ಉಳಿದ ಸ್ಲೈಡ್‌ಗಳನ್ನೂ ಅದೇ ಪ್ರಶ್ನೆ ಇಟ್ಟುಕೊಂಡು ನೋಡಿದೆ. ನೋಡುವವರು ಎಲ್ಲಿದ್ದಾರೆ, ಎಷ್ಟು ಹೊತ್ತಿಗೆ? ಫ್ರಾನ್ಸಿನ ವರ್ಸೈ ಅರಮನೆಯ ತೋಟವನ್ನು ಆಂದ್ರೆ ಲ ನೋತ್ರ್ 1661ರಿಂದ ಕಟ್ಟುತ್ತಾ ಹೋದ. ಅದನ್ನು ಹೇಗೆ ತೋರಿಸಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಅಂತ ಹದಿನಾಲ್ಕನೇ ಲೂಯಿ ತಾನೇ ಕೂತು ಬರೆದಿಟ್ಟಿದ್ದಾನೆ. ಅಷ್ಟೂ ಕಾರಂಜಿಗೆ ಒಟ್ಟಿಗೆ ನೀರು ಸಾಲುತ್ತಿರಲಿಲ್ಲ. ರಾಜ ಹತ್ತಿರ ಬರುವಾಗ ಹುಡುಗರು ಸೀಟಿ ಹೊಡೆಯುತ್ತಿದ್ದರು, ಆ ಭಾಗದ ಕಾರಂಜಿ ತೆರೆಯುತ್ತಿತ್ತು, ಆತ ದಾಟಿದ ಮೇಲೆ ಮುಚ್ಚುತ್ತಿತ್ತು. ಜಿವೆರ್ನಿಯಲ್ಲಿ ಚಿತ್ರಕಾರ ಕ್ಲೋದ್ ಮೊನೆ ನೈದಿಲೆ ಎಲೆಗಳ ಮೇಲೆ ಧೂಳು ಕೂರುತ್ತೆ ಅಂತ ಪಕ್ಕದ ರಸ್ತೆಗೆ ತಾನೇ ದುಡ್ಡು ಕೊಟ್ಟು ಟಾರು ಹಾಕಿಸಿದ. ಕೊಳದ ಕೆಲಸಕ್ಕೇ ಒಬ್ಬ ಮಾಲಿಯಿದ್ದ, ದೋಣಿಯಲ್ಲಿ ಹೋಗಿ ಎಲೆ ಶುಚಿ ಮಾಡುತ್ತಿದ್ದ. ಮೆಂಟೆನೆನ್ಸ್‌ಗೆ ತಿಂಗಳಿಗೆ ಎರಡು ವಿಸಿಟ್ ಬರೆದು, ಮೊನೆಯ ಕೊಳ ಕೊಡ್ತೀವಿ ಅಂತ ನಾವು ಎಷ್ಟು ಮನೆಗೆ ಹೇಳಿದ್ದೀವೋ.

ಇಂಗ್ಲೆಂಡಿನ ಸಿಸಿಂಗ್‌ಹರ್ಸ್ಟ್ ನನಗೆ ಎಲ್ಲಕ್ಕಿಂತ ಪ್ರೀತಿಯದ್ದು. ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಮತ್ತು ಅವಳ ಗಂಡ ಹೆರಾಲ್ಡ್ ನಿಕಲ್ಸನ್ ಆ ಪಾಳುಬಿದ್ದ ಜಾಗ ಕೊಂಡಿದ್ದು 1930ರಲ್ಲಿ. ಅವನು ಗೆರೆ ಎಳೆದ, ಅವಳು ಗಿಡ ತುಂಬಿಸಿದಳು. ತೋಟವನ್ನು ಕೋಣೆ ಕೋಣೆಯಾಗಿ ವಿಂಗಡಿಸಿದರು. ಅಲ್ಲಿನ ಬಿಳಿ ತೋಟದಲ್ಲಿ ಬಿಳಿ ಹೂ, ಬೂದಿ ಬಣ್ಣದ ಎಲೆ, ಹಸಿರು ಬಿಟ್ಟರೆ ಬೇರೆ ಬಣ್ಣವಿಲ್ಲ. ಮುಸ್ಸಂಜೆಯಲ್ಲಿ ಕೆಂಪು ಹೂ ಮೊದಲು ಕಪ್ಪಾಗುತ್ತೆ, ಬಿಳಿ ಕೊನೆಯವರೆಗೂ ಕಣ್ಣಿಗೆ ಸಿಗುತ್ತೆ. ಅಮ್ಮ ಸಂಜೆ ದೀಪ ಹಾಕದೆ ಕಿಟಕಿ ಹತ್ತಿರ ಕೂರುತ್ತಾರೆ ಅನ್ನೋದೂ ನನ್ನ ಸೈಟ್ ಬುಕ್ಕಿನಲ್ಲೇ ಇತ್ತು.

ಮರುದಿನ ರೀಡಿಸೈನ್ ಕೇಳಿದೆ. ಸರ್ ಒಪ್ಪಲಿಲ್ಲ. "ಸೈನ್ ಆದ ಡ್ರಾಯಿಂಗ್ ಪ್ರಕಾರವೇ ಆಗಿದೆ, ಬದಲಾವಣೆ ಬೇಕಿದ್ದರೆ ವೇರಿಯೇಷನ್ ಅಂತ ಬೇರೆ ಬಿಲ್ ಹಾಕು." ಡ್ರಾಯಿಂಗ್ ಸೈನ್ ಆಗಿತ್ತು ನಿಜ. ಆದರೆ ಡ್ರಾಯಿಂಗ್ ಓದೋಕೆ ಬರದವರ ಸೈನ್ ತಗೊಂಡು ಅದರ ಹಿಂದೆ ನಿಲ್ಲೋದು ನನಗೆ ಸರಿ ಕಾಣಲಿಲ್ಲ. ಸೈಟ್ ಬುಕ್ ತೆಗೆದು ಟೇಬಲ್ ಮೇಲಿಟ್ಟೆ. ಎರಡು ದಿನ ಮಾತಿಲ್ಲ. ಕೊನೆಗೆ ಕೂಲಿ ಖರ್ಚು ನಮ್ಮ ಆಫೀಸಿನ ಲೆಕ್ಕಕ್ಕೆ ಹೋಯಿತು, ಹೊಸ ಗಿಡಗಳದ್ದು ಮಾತ್ರ ಮೇಡಂ ಕೊಟ್ಟರು. ಅದನ್ನೂ ಕೇಳಬಾರದಿತ್ತು ಅಂತ ಈಗಲೂ ಅನ್ನಿಸುತ್ತೆ.

ಈ ಸಲ ಕೆಲಸ ಶುರುವಾಗಿದ್ದು ಕುರ್ಚಿಯಿಂದ. ನಾನು ಅಮ್ಮನ ಜಾಗದಲ್ಲಿ ಕೂತೆ, ಸೂಪರ್‌ವೈಸರ್ ಹೊರಗೆ ಅಳತೆ ಕೋಲು ಹಿಡಿದು ನಡೆದರು. "ಕಾಣ್ತು" ಅಂದಲ್ಲೆಲ್ಲ ಗೂಟ ಹೊಡೆದರು. ಗೂಟಗಳೆಲ್ಲ ಹಿಂದಿನ ಗೋಡೆ ಕಡೆಗೇ ಬಿದ್ದವು. ಅಲ್ಲಿ 60 ಸೆಂ.ಮೀ. ಎತ್ತರದ ಮಣ್ಣಿನ ದಿಬ್ಬ ಎಬ್ಬಿಸಿದೆವು. ಗೋಡೆಗೆ ತೇವ ಹಿಡಿಯಬಾರದು ಅಂತ ನಡುವೆ ಒಂದಡಿ ಜಾಗ ಬಿಟ್ಟೆವು. ಐದರಲ್ಲಿ ಮೂರು ಕಲ್ಲು ದಿಬ್ಬ ಹತ್ತಿದವು. ಸುತ್ತ ಬಿಳಿ ಹೂವಿನ ಗಿಡ, ಬೂದಿ ಎಲೆಯ ಗಿಡ. ಜಾಸ್ತಿ ನೀರು ಕೇಳುವ ಯಾವುದನ್ನೂ ಹಾಕಲಿಲ್ಲ. ತೋಟಗಾರ್ತಿ ಬೆತ್ ಚ್ಯಾಟೊ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಹಳೆಯ ಕಾರ್ ಪಾರ್ಕಿಂಗ್ ಜಾಗವನ್ನು 1990ರ ದಶಕದ ಶುರುವಿನಲ್ಲಿ ಜಲ್ಲಿ ತೋಟ ಮಾಡಿ, ಗಿಡ ಬೇರೂರಿದ ಮೇಲೆ ನೀರು ಹಾಯಿಸದೆ ಉಳಿಸಿಕೊಂಡರು, ಜಾಗಕ್ಕೆ ಒಗ್ಗುವ ಗಿಡವನ್ನೇ ಆರಿಸಿದ್ದರಿಂದ. ನಮ್ಮ ಡೆಕ್‌ನಲ್ಲಿ ಆ ತೋಟದ ಫೋಟೋ ಇಲ್ಲ, ಇರಬೇಕಿತ್ತು.

ಕಿಟಕಿ ಕೆಳಗಿನ ಐದು ಮೀಟರ್ ಜಾಗ ಅಮ್ಮನಿಗೆ ಏನು ಮಾಡಿದರೂ ಕಾಣೋದಿಲ್ಲ. ಅದಕ್ಕೆ ಸ್ಪೇನಿನ ಗ್ರಾನಡಾದ ಜೆನೆರಲೀಫೆ ನೆರವಿಗೆ ಬಂತು. ಅಲ್ಲಿ ಮೆಟ್ಟಿಲುಗಳ ಪಕ್ಕ ಕೈಯಿಟ್ಟು ಹತ್ತೋ ಗೋಡೆಯ ಮೇಲೇ ಕಾಲುವೆ ತೋಡಿ ನೀರು ಹರಿಸಿದ್ದಾರೆ. ಹತ್ತುವವರ ಜೊತೆಗೇ ನೀರಿನ ಸದ್ದು ಬರುತ್ತೆ. ಸದ್ದಿಗೆ ಸಿಲ್ ಅಡ್ಡ ಬರಲ್ಲ. ಕಿಟಕಿಯ ಬುಡದಲ್ಲಿ ಒಂದು ಗೇಣು ಅಗಲದ, ಮೂರು ಮೀಟರ್ ಉದ್ದದ ಕಾಲುವೆ ಮಾಡಿ, ನಡುವೆ ಎರಡು ಕಡೆ ನೀರು ಒಂದಿಂಚು ಕೆಳಕ್ಕೆ ಬೀಳುವ ಹಾಗೆ ತಡೆ ಕೊಟ್ಟೆ. ಒಂದಿಂಚಿಗೆ ಗುಳುಗುಳು ಅನ್ನುತ್ತೆ. ಎರಡು ಇಂಚು ಮಾಡಿ ನೋಡಿದೆ, ನಲ್ಲಿ ಬಿಟ್ಟ ಹಾಗೆ ಕೇಳಿಸಿತು. ಕಣ್ಣು ಕುಕ್ಕುತ್ತಿದ್ದ ಬಿಳಿ ಜಲ್ಲಿ ತೆಗೆದು ಮಂಕು ಬಣ್ಣದ್ದು ಹಾಕಿದೆವು.

ಎರಡನೇ ಹ್ಯಾಂಡೋವರ್‌ಗೆ ಫೋಟೋದವರನ್ನು ಕರೆಯಲಿಲ್ಲ. ಸಂಜೆ ಹೋದೆ. ಅಮ್ಮ ಕೂತಿದ್ದರು, ದೀಪ ಹಾಕಿರಲಿಲ್ಲ. ತುಂಬ ಹೊತ್ತು ಹೊರಗೇ ನೋಡುತ್ತಿದ್ದರು. ನಾನು ಈ ಸಲವೂ ಅವರ ಪಕ್ಕ ಮಂಡಿಯೂರಿ ಕೂತೆ. ಕತ್ತಲಾಗುತ್ತಾ ಆಗುತ್ತಾ ಗೋಡೆ ಮಾಯವಾಗಿ ಹೂಗಳಷ್ಟೇ ಉಳಿದವು. ಎಂಟು ಗಂಟೆಗೆ ಟೈಮರ್ ಪಂಪ್ ನಿಲ್ಲಿಸಿತು, ಸದ್ದು ನಿಂತಿತು. "ಯಾಕೆ ನಿಲ್ಸಿದೆ?" ಅಂದರು. "ಎಷ್ಟು ಗಂಟೆಗೆ ಮಲಗ್ತೀರಮ್ಮಾ?" ಅಂತ ಕೇಳಿದೆ. ಟೈಮರ್ ಒಂಬತ್ತೂವರೆಗೆ ತಿರುಗಿಸಿ ಬಂದೆ.